ಕೇರಂ ಬೋರ್ಡು ಕೊಳ್ಳಲು ಹೋಗುವಾಗ ಟೇಪು ಜೇಬಲ್ಲಿರಲಿ

ಬೋರ್ಡು ಚೆನ್ನಾಗಿದೆ. ಕೊಟ್ಟ 4,800 ರೂಪಾಯಿಗೆ ಮೋಸ ಇಲ್ಲ. ಐದು ಸ್ಟಾರ್‌ಗೆ ನಾಲ್ಕು ಕೊಡುತ್ತೇನೆ. ಒಂದನ್ನು ಹಿಡಿದುಕೊಂಡಿರುವುದು ಸ್ಟ್ರೈಕರ್ ಮತ್ತು ಬಲೆಗಾಗಿ, ಬೋರ್ಡಿಗಾಗಿ ಅಲ್ಲ. ಇಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ಬಿಡಬಹುದು. ನೀವೂ ಬೋರ್ಡು ಕೊಳ್ಳುವವರಿದ್ದರೆ ಮುಂದೆ ಓದಿ. ಅಂಗಡಿಗೆ ಹೋದವರು ಪ್ಲೈ ಎಷ್ಟು ದಪ್ಪ ಅಂತ ಕೇಳುತ್ತಾರೆ, ಪಾಲಿಶ್ ಮೇಲೆ ಕೈ ಆಡಿಸುತ್ತಾರೆ, ಒಂದು ಕಾಯಿ ಹೊಡೆದು ತಲೆ ಆಡಿಸುತ್ತಾರೆ. ಬೋರ್ಡು ನಿಜವಾಗಿ ಚೌಕವಾಗಿದೆಯಾ ಅಂತ ಯಾರೂ ನೋಡುವುದಿಲ್ಲ.

ನಾನು ಮಂಡ್ಯದಲ್ಲಿ ಮರಗೆಲಸ ಮಾಡುವವನು. ಬಾಗಿಲು, ಕಿಟಕಿ, ಬೀರು, ಈಚೆಗೆ ಅಡುಗೆಮನೆ ಕಬೋರ್ಡು ಜಾಸ್ತಿ. ಹಾಗಾಗಿ ಇದು ಆಟಗಾರನ ವಿಮರ್ಶೆ ಅಲ್ಲ. ಆಟ ಏನೋ ಆಡುತ್ತೇನೆ, ಆದರೆ ರೆಡ್ ಹಾಕಿ, ಅದರ ಹಿಂದೆಯೇ ಹಾಕಬೇಕಾದ ಕಾಯಿ, ಅಂದರೆ ಫಾಲೋ, ಬಿಟ್ಟುಬಿಡುವ ಜಾತಿ ನನ್ನದು. 'ನೀವೇ ಒಂದು ಮಾಡಿಕೊಳ್ಳಬಹುದಿತ್ತಲ್ವಾ' ಅಂತ ಎಲ್ಲರೂ ಕೇಳಿದರು. ಮಾಡಬಹುದು. ಆದರೆ ಒಂದೇ ಒಂದು ಬೋರ್ಡಿಗೆ ಒಳ್ಳೆ ಪ್ಲೈ ತಂದು, ಗೆರೆ ಪ್ರಿಂಟ್ ಮಾಡಿಸಿ, ನುಣುಪು ಬರುವ ತನಕ ಪಾಲಿಶ್ ಉಜ್ಜಿ ಕೂತರೆ ಕೂಲಿಯೇ ಗಿಟ್ಟುವುದಿಲ್ಲ. ಅದೂ ಅಲ್ಲದೆ ನಮ್ಮ ಮನೆಯ ಬಚ್ಚಲ ಬಾಗಿಲೇ ಇನ್ನೂ ಕೂತಿಲ್ಲ. ಕೇರಂ ಬೋರ್ಡು ಮಾಡುತ್ತಾ ಕೂತಿದ್ದರೆ ಮನೆಯಲ್ಲಿ ಊಟ ಸಿಗುತ್ತಿರಲಿಲ್ಲ.

ಹೊಸ ಬೋರ್ಡು ಬೇಕಾಗಿದ್ದು ನಮ್ಮ ಬೀದಿಯ ಹುಡುಗರಿಗೆ. ಅವರ ಹಳೇ ಬೋರ್ಡು ಎಲ್ಲಿಯದೋ, ಯಾರೋ ಹಬ್ಬಕ್ಕೆ ಕೊಡಿಸಿದ್ದು. ನೇರ ಹೊಡೆತಕ್ಕೆ ಏನೂ ತೊಂದರೆ ಇಲ್ಲ, ರೀಬೌಂಡ್ ಮಾತ್ರ ಬರುವುದಿಲ್ಲ. ಅದರಲ್ಲೂ ಮೂಲೆಗೆ ಹೋಗಿ ಎರಡು ಕಡೆ ಬಡಿದು ಬರುವ ಹೊಡೆತ ಯಾವತ್ತೂ ಬೇರೆ ಎಲ್ಲಿಗೋ ಹೋಗುತ್ತಿತ್ತು. ಪೌಡರ್ ಸರಿ ಇಲ್ಲ ಅಂದರು, ಸ್ಟ್ರೈಕರ್ ಬದಲಾಯಿಸಿದರು, ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಂಡರು. ನಾನು ಟೇಪು ಇಟ್ಟೆ. ಒಳಗಿನ ನಾಲ್ಕು ಬದಿಯೂ 73.6 ಸೆಂ.ಮೀ. ಒಂದು ಮಿಲಿಮೀಟರ್ ಕೂಡ ಆಚೀಚೆ ಇಲ್ಲ.

'ಅಣ್ಣಾ, ನಾಲ್ಕೂ ಸಮ ಇದೆಯಲ್ಲ, ಇನ್ನೇನು?' ಅಂದ ಒಬ್ಬ.

ನಾಲ್ಕು ಬದಿ ಸಮ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ. ಒಂದೇ ಉದ್ದದ ನಾಲ್ಕು ರೀಪರ್ (ಮರದ ಪಟ್ಟಿ) ತಗೊಂಡು, ಪ್ರತಿ ಮೂಲೆಗೂ ಒಂದೊಂದೇ ಸ್ಕ್ರೂ ಹಾಕಿ ನೋಡಿ. ಒಂದು ಮೂಲೆಯನ್ನು ಬೆರಳಲ್ಲಿ ತಳ್ಳಿದರೆ ಇಡೀ ಫ್ರೇಮು ವಾಲುತ್ತೆ. ಬದಿಗಳ ಉದ್ದ ಅಷ್ಟೇ ಇರುತ್ತೆ, ಮೂಲೆಗಳು ಕೆಡುತ್ತವೆ. ಎರಡು ಮೂಲೆ ಚೂಪಾಗುತ್ತವೆ, ಎರಡು ಅಗಲ ಆಗುತ್ತವೆ. ಶಾಲೆಯಲ್ಲಿ ವಜ್ರಾಕೃತಿ ಅಂತ ಹೇಳಿಕೊಡುವುದು ಇದನ್ನೇ. ಆಗ ಮೂಲೆಯಿಂದ ಮೂಲೆಗೆ ಅಳೆದರೆ ಒಂದು ಕರ್ಣ ಉದ್ದ ಆಗಿರುತ್ತೆ, ಇನ್ನೊಂದು ಗಿಡ್ಡ. ಹಳೇ ಬೋರ್ಡಿನಲ್ಲಿ ಒಂದು ಕಡೆ 104.5 ಬಂತು, ಇನ್ನೊಂದು ಕಡೆ 103.6. ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ನಾವು ಬಾಗಿಲವಾಡ ಜೋಡಿಸಿದ ಮೇಲೆ ಕರ್ಣಕ್ಕೆ ಒಂದು ಅಡ್ಡಪಟ್ಟಿ ಹೊಡೆದು, ಗೋಡೆಗೆ ಕೂರುವ ತನಕ ತೆಗೆಯದೆ ಇರುವುದು ಇದಕ್ಕೇ.

ಒಂಬತ್ತು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಮಗಳು ಕೂತು ಲೆಕ್ಕ ಹಾಕಿದಳು. ಅಷ್ಟು ವ್ಯತ್ಯಾಸ ಬರಬೇಕಾದರೆ ಮೂಲೆ ಅರ್ಧ ಡಿಗ್ರಿ ತಪ್ಪಿರಬೇಕು. ಈಗ ರೀಬೌಂಡ್ ನೋಡಿ. ಕಾಯಿ ಒಂದು ಬದಿಗೆ ಬಡಿದು, ಪಕ್ಕದ ಬದಿಗೂ ಬಡಿದು ಆಚೆ ಬರುತ್ತೆ. ಮೂಲೆ ಸರಿಯಾಗಿ 90 ಡಿಗ್ರಿ ಇದ್ದರೆ ಅದು ಹೋದ ದಾರಿಗೆ ಸಮಾನಾಂತರವಾಗಿಯೇ ವಾಪಸ್ ಬರಬೇಕು. ನೀವು ಯಾವ ಓರೆಯಲ್ಲಿ ಹೊಡೆದಿದ್ದರೂ ಸರಿ. ಮೂಲೆ ಅರ್ಧ ಡಿಗ್ರಿ ತಪ್ಪಿದರೆ ವಾಪಸ್ ದಾರಿ ಅದರ ಎರಡರಷ್ಟು, ಅಂದರೆ ಒಂದು ಡಿಗ್ರಿ ತಪ್ಪುತ್ತೆ. 70 ಸೆಂ.ಮೀ. ಓಡುವಷ್ಟರಲ್ಲಿ 1.2 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತೆ. ಪಾಕೆಟ್ ಅಗಲ 4.45 ಸೆಂ.ಮೀ., ಕಾಯಿ ಅಗಲ 3.1ರ ಆಸುಪಾಸು. ನಡುವೆ ಹೋಗಬೇಕಾದ ಕಾಯಿಗೆ ಒಂದೊಂದು ಪಕ್ಕಕ್ಕೆ ಉಳಿಯುವ ಜಾಗ ಆರೂವರೆ ಮಿಲಿಮೀಟರ್‌ನಷ್ಟು. ಕಾಯಿ ಸುತ್ತುತ್ತಾ ಹೋದರೆ ಇನ್ನೂ ಸ್ವಲ್ಪ ಆಚೀಚೆ ಆಗುತ್ತೆ, ಅದು ಬೇರೆ ಮಾತು. ಒಟ್ಟಿನಲ್ಲಿ ಹುಡುಗರ ಕೈಯಲ್ಲಿ ದೋಷ ಇರಲಿಲ್ಲ.

ಇನ್ನು ಅಂಗಡಿ ವಿಷಯ. ಮೈಸೂರಿನ ಗಾಂಧಿ ಚೌಕದ ಸುತ್ತಮುತ್ತಲ ಗಲ್ಲಿಯಲ್ಲಿದೆ. ಸಣ್ಣ ಅಂಗಡಿ. ಮುಂದೆ ಕ್ರಿಕೆಟ್ ಬ್ಯಾಟು, ಶಟಲ್ ರ‍್ಯಾಕೆಟ್ ನೇತಾಡುತ್ತವೆ. ಬೋರ್ಡುಗಳನ್ನು ಒಳಗೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಯಜಮಾನರು ವಯಸ್ಸಾದವರು, ಮಾತು ಕಡಿಮೆ. ಬಂದವರಿಗೆಲ್ಲ ಮೊದಲು ಹೇಳುವುದು ಪ್ಲೈ ದಪ್ಪ: 'ಇದು ಎಂಟು ಎಂ.ಎಂ., ಇದು ಹನ್ನೆರಡು ಎಂ.ಎಂ.' ದಪ್ಪ ಬೇಡ ಅನ್ನುತ್ತಿಲ್ಲ. ತೆಳು ಪ್ಲೈ ಬೇಗ ಬಾಗುತ್ತೆ. ಆದರೆ ಸೊಟ್ಟ ಫ್ರೇಮಿಗೆ ಎಷ್ಟು ದಪ್ಪ ಪ್ಲೈ ಹಾಕಿದರೂ ಸೊಟ್ಟವೇ.

'ಸ್ವಲ್ಪ ಅಳೆದು ನೋಡಲಾ ಯಜಮಾನ್ರೇ?' ಅಂದೆ.

'ಅಳೀರಿ ಸ್ವಾಮಿ. ಅಳತೆಗೇನು ದುಡ್ಡಾ?' ಅಂದರು. ಅಂಗಡಿಗೆ ನಾಲ್ಕು ಸ್ಟಾರ್ ಬಂದಿರುವುದರಲ್ಲಿ ಈ ಮಾತಿನ ಪಾಲೂ ಇದೆ. ಎಷ್ಟೋ ಕಡೆ ಟೇಪು ತೆಗೆದ ಕೂಡಲೇ ಮುಖ ಗಂಟು ಹಾಕಿಕೊಳ್ಳುತ್ತಾರೆ.

ನನ್ನ ಚೀಲದಲ್ಲಿ ಯಾವಾಗಲೂ ಎರಡು ತೆಳು ರೀಪರ್ ಕಡ್ಡಿ ಇರುತ್ತವೆ. ಒಂದೊಂದರ ಒಂದು ತುದಿ ಪೆನ್ಸಿಲ್ ಹಾಗೆ ಚೂಪು ಮಾಡಿದ್ದೇನೆ. ಒಳ ಅಳತೆಗೆ ಟೇಪಿಗಿಂತ ಇವೇ ವಾಸಿ. ಟೇಪಿನ ಕೊಕ್ಕೆ ಒಳಮೂಲೆಗೆ ಸರಿಯಾಗಿ ಕೂರಲ್ಲ, ಬಗ್ಗಿಸಿದ ಕಡೆ ಓದುವಾಗ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಆಗುತ್ತೆ. ಎರಡೂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ಚೂಪು ತುದಿಗಳು ಎದುರುಬದುರು ಮೂಲೆಗೆ ತಾಗುವ ತನಕ ಜಾರಿಸಬೇಕು. ಪಾಕೆಟ್ಟಿನ ತೂತಿನ ಮೇಲಿಂದ ಹಾಯಿಸಿ, ಫ್ರೇಮಿನ ಮೂಲೆಗೇ ಮುಟ್ಟಿಸಬೇಕು. ಎರಡೂ ಸೇರುವ ಕಡೆ ಬೆರಳಲ್ಲಿ ಒತ್ತಿ ಹಿಡಿದು ಪೆನ್ಸಿಲ್ ಗೆರೆ ಹಾಕಿ. ಅದೇ ಅಳತೆಯನ್ನು ಇನ್ನೊಂದು ಕರ್ಣಕ್ಕೆ ಒಯ್ಯಿರಿ. ಕೂತರೆ ಕೂತಿತು. ಇಲ್ಲವಾದರೆ ಗೆರೆ ಎಷ್ಟು ಸರಿಯಿತೋ ಅಷ್ಟು ತಪ್ಪು. ನಂಬರ್ ಓದುವ ತಾಪತ್ರಯವೇ ಇಲ್ಲ.

ಮೊದಲು ತೆಗೆದ ಬೋರ್ಡಿಗೆ ಕಡ್ಡಿ ಚೆನ್ನಾಗಿ ಕೂತಿತು. ಎರಡು ಕರ್ಣವೂ 104.2. ಬಾಗಿಲಾಗಿದ್ದರೆ ಅಲ್ಲಿಗೆ ಎದ್ದು ಕೈ ಒರೆಸಿಕೊಳ್ಳುತ್ತಿದ್ದೆ. ಎದುರುಬದುರು ಬದಿ ಸಮ ಇದ್ದು ಕರ್ಣಗಳೂ ಸಮ ಇದ್ದರೆ ನಾಲ್ಕು ಮೂಲೆಯೂ ಲಂಬ, ಅನುಮಾನವೇ ಬೇಡ. ಮೂಲೆಮಟ್ಟ (ಮೂಲೆ ಲಂಬ ಇದೆಯಾ ನೋಡುವ ಸಾಧನ) ಇಟ್ಟು ನೋಡುವ ಅಗತ್ಯವೂ ಇಲ್ಲ. ಆದರೆ ಅದು ಹೇಳುವುದು ಆಯತ ಅಂತ ಮಾತ್ರ. ಬದಿ ಅಳೆದರೆ ಒಂದು ಕಡೆ 74, ಪಕ್ಕದ್ದು 73.4. ಆರು ಮಿಲಿಮೀಟರ್ ಕಡಿಮೆ.

ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ನಿಯಮದ ಪ್ರಕಾರ ಆಡುವ ಜಾಗ ಚೌಕ ಇರಬೇಕು, ಬದಿ 73.5ರಿಂದ 74 ಸೆಂ.ಮೀ. ಒಳಗಿರಬೇಕು. ಕೆಲವರು ಇದನ್ನು ಒಂದು ಬದಿ 73.5, ಇನ್ನೊಂದು 74 ಇದ್ದರೂ ನಡೆಯುತ್ತೆ ಅಂತ ತಿಳಿದುಕೊಳ್ಳುತ್ತಾರೆ. ನಡೆಯುವುದಿಲ್ಲ. ಎಷ್ಟಾದರೂ ಇರಲಿ, ನಾಲ್ಕೂ ಅಷ್ಟೇ ಇರಬೇಕು.

ಯಾಕೆ ಅಂದರೆ ಬೋರ್ಡಿನ ಮೇಲಿನ ಬಾಣದ ಗೆರೆ ನೋಡಿ. ನಾಲ್ಕು ಮೂಲೆಗೂ ಒಂದೊಂದು, 45 ಡಿಗ್ರಿಯಲ್ಲಿ ಹೋಗುತ್ತೆ. ಚೌಕದಲ್ಲಿ ಕರ್ಣ ಮೂಲೆಯನ್ನು ಸರಿಯಾಗಿ ಅರ್ಧ ಮಾಡುತ್ತೆ. ಹಾಗಾಗಿ ಒಂದು ಪಾಕೆಟ್ಟಿನಿಂದ 45 ಡಿಗ್ರಿಗೆ ಹೊರಟ ಗೆರೆ ಎದುರು ಪಾಕೆಟ್ಟಿಗೇ ಹೋಗಿ ಬೀಳುತ್ತೆ. ಆಯತದಲ್ಲಿ ಹಾಗಿಲ್ಲ. ಕರ್ಣ ಉದ್ದದ ಬದಿಯ ಕಡೆ ವಾಲಿಕೊಂಡಿರುತ್ತೆ. ಈ ಬೋರ್ಡಿನಲ್ಲಿ ಮೂಲೆಯಿಂದ 45 ಡಿಗ್ರಿಗೆ ಹೊರಟ ಗೆರೆ ಎದುರು ಮೂಲೆಗೆ ಆರು ಮಿಲಿಮೀಟರ್ ಮೊದಲೇ ಬದಿಗೆ ತಾಗುತ್ತೆ. ಕಾಯಿಗೆ ಉಳಿದಿದ್ದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೆ ಹೋಯಿತು.

ಯಜಮಾನರು ಆ ಬೋರ್ಡನ್ನು ತೆಗೆದು ಪಕ್ಕಕ್ಕಿಟ್ಟರು. ಬೇಸರ ಮಾಡಿಕೊಳ್ಳಲಿಲ್ಲ. ಇನ್ನೊಂದು ಇಳಿಸಿದರು. ಕರಿಜಾಲಿ ಫ್ರೇಮು, 12 ಎಂ.ಎಂ. ಪ್ಲೈ, ಹೊರ ಅಳತೆ 35 ಇಂಚು. ಒಳಗೆ ನಾಲ್ಕು ಬದಿಯೂ 73.8. ಕಡ್ಡಿ ಒಂದು ಕರ್ಣಕ್ಕೆ ಕೂತ ಹಾಗೇ ಇನ್ನೊಂದಕ್ಕೂ ಕೂತಿತು. ಟೇಪಿನಲ್ಲಿ ನೋಡಿದರೆ 104.4ಕ್ಕೆ ಕೂದಲೆಳೆ ಕಡಿಮೆ. ಚೌಕದ ಬದಿಯನ್ನು 1.414ರಿಂದ ಗುಣಿಸಿದರೆ ಕರ್ಣ ಬರುತ್ತೆ. 73.8ಕ್ಕೆ ಬರುವುದು ಅಷ್ಟೇ.

ಆಮೇಲೆ ದಾರ ಕೇಳಿದೆ. ಪೊಟ್ಟಣ ಕಟ್ಟುವ ದಾರ ಕೊಟ್ಟರು. ಎರಡು ದಾರಗಳನ್ನು ಫ್ರೇಮಿನ ಮೇಲೆ ಮೂಲೆಯಿಂದ ಮೂಲೆಗೆ ಬಿಗಿಯಾಗಿ ಎಳೆದು ಹಿಡಿಯಲು ಅಂಗಡಿಯ ಹುಡುಗನೂ ಬಂದ. ಇಲ್ಲಿ ಮೂರು ವಿಷಯ ಒಟ್ಟಿಗೆ ಗೊತ್ತಾಗುತ್ತೆ. ಕರ್ಣಗಳು ಒಂದನ್ನೊಂದು ಅರ್ಧ ಮಾಡುವ ಜಾಗವೇ ಬೋರ್ಡಿನ ನಡು. ದಾರಗಳು ಸೇರುವ ಜಾಗದ ಕೆಳಗೆ ರೆಡ್ ಇಡುವ ಸಣ್ಣ ವೃತ್ತ ಬರಬೇಕು. ಬಂತು, ಒಂದು ಮಿಲಿಮೀಟರ್ ಆಚೀಚೆ. ಚೌಕದಲ್ಲಿ ಕರ್ಣಗಳು ಲಂಬವಾಗಿ ಹಾಯುತ್ತವೆ, ಉದ್ದ ಅಗಲ ಬೇರೆಯಾದ ಆಯತದಲ್ಲಿ ಹಾಗೆ ಹಾಯುವುದಿಲ್ಲ. ಮೂಲೆಮಟ್ಟ ಇಟ್ಟೆ, ಎರಡು ದಾರವೂ ಅದರ ಅಂಚಿಗೆ ಕೂತವು. ಇನ್ನೊಂದು ನಮ್ಮ ಕಸುಬಿನದು. ಎರಡು ದಾರಗಳು ಸೇರುವ ಕಡೆ ಒಂದನ್ನೊಂದು ಸುಮ್ನೆ ಸವರಿಕೊಂಡು ಹೋಗಬೇಕು. ನಡುವೆ ಸಂದು ಇದ್ದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸುತ್ತಿದ್ದರೆ, ಫ್ರೇಮು ತಿರುಚಿಕೊಂಡಿದೆ ಅಂತ ಅರ್ಥ. ಅಳತೆ ಎಲ್ಲ ಸರಿ ಇದ್ದು ಒಂದು ಮೂಲೆ ಎದ್ದಿದ್ದರೆ ಕಾಯಿ ತಾನಾಗಿ ಜಾರುತ್ತೆ. ಮೇಲಿನ ದಾರವನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿಯೂ ನೋಡಿದೆ. ಸವರಿಕೊಂಡೇ ಹೋಯಿತು.

ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ಯಜಮಾನರು ಆಗ ಮಾತಿಗೆ ಬಂದರು. ಅವರದ್ದೊಂದು 30-40 ಸೈಟು ಇದೆಯಂತೆ. ಪಾಯ ತೋಡಿಸಬೇಕು, ಮೂಲೆ ಸರಿ ಇದೆಯಾ ಅಂತ ಹೇಗೆ ನೋಡುವುದು ಅಂದರು. ನಮ್ಮ ಮೈಸೂರು, ಮಂಡ್ಯದಲ್ಲಿ ಎಲ್ಲಿ ನೋಡಿದರೂ ಈ 30-40 ಸೈಟೇ ಅಲ್ವಾ. ಅದರ ಕರ್ಣ ಸರಿಯಾಗಿ 50 ಅಡಿ. ಮೂವತ್ತರ ವರ್ಗ 900, ನಲವತ್ತರದ್ದು 1,600, ಎರಡೂ ಸೇರಿದರೆ 2,500, ಅಂದರೆ ಐವತ್ತರ ವರ್ಗ. ಗಾರೆಯವರು ದಾರ ಕಟ್ಟಿದ ಮೇಲೆ ಎದುರುಬದುರು ಬದಿ ಸಮ ಇದೆಯಾ ನೋಡಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿ. ಎರಡು ಕಡೆಯೂ 50 ಬಂದರೆ ಆಯಿತು. 'ಇಷ್ಟೇನಾ?' ಅಂದರು. ಇಷ್ಟೇ. ಮಾತಿಗೆ ಮಾತು ಬಂದು ಇನ್ನೊಂದೂ ಹೇಳಿದೆ. 30-40ರ ಸುತ್ತಳತೆ 140 ಅಡಿ, ವಿಸ್ತೀರ್ಣ 1,200 ಚದರ ಅಡಿ. ಅದೇ 140 ಅಡಿ ಕಾಂಪೌಂಡಿಗೆ 35-35ರ ಚೌಕ ಸೈಟು ಸಿಕ್ಕಿದ್ದರೆ 1,225 ಆಗುತ್ತಿತ್ತು. ಅದೇ ಗೋಡೆಗೆ 25 ಚದರ ಅಡಿ ಜಾಸ್ತಿ. 'ಆಗ ನಿಮ್ಮ ಈ ಬೋರ್ಡಿನ ಇಂಚು, ನನ್ನ ಸೈಟಿನ ಅಡಿ ಒಂದೇ ಆಗ್ತಿತ್ತು' ಅಂದು ನಕ್ಕರು. ಮೊದಲು 5,000 ಹೇಳಿದ್ದು 4,800ಕ್ಕೆ ಬಂದಿದ್ದು ಆಮೇಲೆ.

ತರುವ ಕಷ್ಟ ಬೇರೆ. ಬಾಗಿಲಾದರೆ ಅಡ್ಡ ತಿರುಗಿಸಿ, ಕಿರಿದಾದ ಬದಿಯಿಂದ ಎಲ್ಲಿ ಬೇಕಾದರೂ ತೂರಿಸುತ್ತೇನೆ. ಚೌಕಕ್ಕೆ ಕಿರಿದಾದ ಬದಿಯೇ ಇಲ್ಲ. ಹೇಗೆ ತಿರುಗಿಸಿದರೂ 35 ಇಂಚು, ಓರೆ ಮಾಡಿದರೆ 49 ದಾಟುತ್ತೆ. ಮೈಸೂರು–ಮಂಡ್ಯ ಬಸ್ಸಿನಲ್ಲಿ ಹಿಂದಿನ ಸೀಟಿನ ಪಕ್ಕ ನಿಲ್ಲಿಸಿಕೊಂಡು ಬಂದೆ. ಸಂಜೆ ಹೊತ್ತು ಬೇಡ, ಮಧ್ಯಾಹ್ನ ಹತ್ತಿ. ಕೊಟ್ಟಿದ್ದ ಪ್ಲಾಸ್ಟಿಕ್ ಹೊದಿಕೆ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಹರಿದಿತ್ತು. ಒಂದು ಹಳೇ ಬೆಡ್‌ಶೀಟ್ ಒಯ್ಯುವುದು ವಾಸಿ.

ಮನೆಯಲ್ಲಿ ಮಗಳು ಬೇರೆ ಪರೀಕ್ಷೆ ಮಾಡಿದಳು. ಎಂಟನೇ ಕ್ಲಾಸು, ಈ ವರ್ಷ ಚತುರ್ಭುಜದ ಪಾಠ ಇದೆ. ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್ ಅಂಟಿಸಿ, ಹಳೇ ಬೋರ್ಡಿನ ಒಳಗೆ ಸರಿಯಾಗಿ ಕೂರುವ ಹಾಗೆ ಕತ್ತರಿಸಿದಳು. ಅರ್ಧ ಸುತ್ತು ತಿರುಗಿಸಿದರೆ ಕೂತಿತು. ಕಾಲು ಸುತ್ತು ತಿರುಗಿಸಿದರೆ ಕೂರಲಿಲ್ಲ, ಒಂದು ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು. ಹೊಸ ಬೋರ್ಡಿಗೂ ಹಾಗೇ ಕತ್ತರಿಸಿದಳು. ಅದು ಯಾವ ಕಡೆ ತಿರುಗಿಸಿದರೂ ಕೂರುತ್ತೆ, ಮಗುಚಿ ಹಾಕಿದರೂ ಕೂರುತ್ತೆ. ನನ್ನ ಕಡ್ಡಿ, ದಾರ, ಮೂಲೆಮಟ್ಟಕ್ಕಿಂತ ಇದು ಸುಲಭ, ಒಪ್ಪಿದೆ. ಅಂಗಡಿಯಲ್ಲಿ ಮಾಡುವುದು ಕಷ್ಟ ಅಷ್ಟೇ.

ನಾಲ್ಕು ಜನ ನಾಲ್ಕು ಕಡೆ ಕೂತು ಆಡುವ ಆಟಕ್ಕೆ ಈ ಕಾಲು ಸುತ್ತೇ ಮುಖ್ಯ. ಅರ್ಧ ಸುತ್ತಿಗೆ ಮಾತ್ರ ಕೂರುವ ಬೋರ್ಡಿನಲ್ಲಿ ನಿನಗೂ ನಿನ್ನ ಎದುರು ಕೂತ ಪಾರ್ಟ್ನರ್‌ಗೂ ಒಂದು ಬೋರ್ಡು, ಪಕ್ಕದ ಜೋಡಿಗೆ ಇನ್ನೊಂದು ಬೋರ್ಡು. ಅಂಗಡಿಯಲ್ಲಿ ಬಿಟ್ಟು ಬಂದ ಆಯತದ ಬೋರ್ಡೂ ಹಾಗೇ ಆಗುತ್ತಿತ್ತು. ಹೊಸ ಬೋರ್ಡಿನ ಪೇಪರನ್ನು ಮಗಳು ಮಡಿಚಿಯೂ ನೋಡಿದಳು. ಚೌಕವನ್ನು ನಡುವೆ ಎರಡು ರೀತಿ, ಮೂಲೆಯಿಂದ ಮೂಲೆಗೆ ಎರಡು ರೀತಿ, ಹೀಗೆ ನಾಲ್ಕು ಕಡೆ ಮಡಿಚಿದರೂ ಅಂಚಿಗೆ ಅಂಚು ಸೇರುತ್ತೆ. ನೋಟ್‌ಬುಕ್ ಹಾಳೆ ಮೂಲೆಯಿಂದ ಮೂಲೆಗೆ ಮಡಿಚಿ, ಸೇರುವುದಿಲ್ಲ. 'ಹಾಗಾದ್ರೆ ಚೌಕ ಕೂಡ ಆಯತಾನಾ ಅಪ್ಪಾ?' ಅಂದಳು. ಹೌದು ಕಣಮ್ಮ. ಆಯತಕ್ಕೆ ಇರುವ ಗುಣ ಎಲ್ಲವೂ ಇದಕ್ಕಿದೆ. ಎಲ್ಲ ಮೂಲೆ ಲಂಬ, ಎದುರುಬದುರು ಬದಿ ಸಮ, ಕರ್ಣ ಸಮ. ಅದರ ಮೇಲೆ ಇನ್ನೊಂದಿಷ್ಟು ಇದೆ. ಆ ಇನ್ನೊಂದಿಷ್ಟಕ್ಕೇ ನಾನು ಮೊದಲನೇ ಬೋರ್ಡು ಬಿಟ್ಟು ಎರಡನೆಯದು ತಂದಿದ್ದು.

ದಸರಾ ರಜೆಯಿಂದ ದಿನಾ ಆಡುತ್ತಿದ್ದಾರೆ. ನಡುವೆ ಮಳೆ ಹಿಡಿದಾಗ ಮತ್ತೆ ದಾರ ಎಳೆದು ನೋಡಿದೆ, ಫ್ರೇಮು ಅಲ್ಲಾಡಿಲ್ಲ. ಮೂಲೆಯ ಕೂಡುಗೆ ಬಿಗಿಯಾಗಿದೆ. ಪ್ಲೈ ನಡುವೆ ತಗ್ಗಿಲ್ಲ. ಎರಡು ಬದಿಗೆ ಬಡಿದು ಬರುವ ಹೊಡೆತ ಈಗ ಹುಡುಗರು ಬೇಕು ಅಂತಲೇ ಹೊಡೆಯುತ್ತಾರೆ. ಆಡುವವನ ಮುಂದಿನ ಜೋಡಿ ಗೆರೆಗಳ ಪ್ರಿಂಟು ನಾಲ್ಕೂ ಕಡೆ ಒಂದೇ ದೂರದಲ್ಲಿದೆ. ಹೊರಗಿನ ಗೆರೆ ಫ್ರೇಮಿನಿಂದ 10.15 ಸೆಂ.ಮೀ. ಇರಬೇಕು. ಟೇಪಿನಲ್ಲಿ ಅಷ್ಟೇ ಕಂಡಿತು. ಬಣ್ಣ ಮಾತ್ರ ಬೆರಳು ಓಡಾಡುವ ಜಾಗದಲ್ಲಿ ಸ್ವಲ್ಪ ಮಾಸಿದೆ.

ಜೊತೆಗೆ ಕೊಟ್ಟ ಸ್ಟ್ರೈಕರ್ ಬಿಸಾಕಿ. ನಿಯಮದಲ್ಲಿ 15 ಗ್ರಾಂ ದಾಟುವ ಹಾಗಿಲ್ಲ. ಇದನ್ನು ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿದರೆ 18 ಬಂತು. ಕಾಯಿಗಳು ಪರವಾಗಿಲ್ಲ. ಕಪ್ಪು ಒಂಬತ್ತು, ಬಿಳಿ ಒಂಬತ್ತು, ರೆಡ್ ಒಂದು, ಎಲ್ಲ ಒಂದೇ ಗಾತ್ರ. ಪಾಕೆಟ್ಟಿನ ಬಲೆ ತೀರಾ ಕಳಪೆ. ಸಣ್ಣ ಪಿನ್ನು ಹೊಡೆದು ಸಿಕ್ಕಿಸಿದ್ದಾರೆ, ಮೊದಲ ವಾರವೇ ಎರಡು ಕಿತ್ತುಬಂದವು. ಹುಡುಗರು ಈರುಳ್ಳಿ ಚೀಲ ಕತ್ತರಿಸಿ ಕಟ್ಟಿಕೊಂಡಿದ್ದಾರೆ, ಅದೇ ಗಟ್ಟಿಯಾಗಿದೆ. ಅಂಗಡಿಯಲ್ಲಿ ನೂಲಿನ ಬಲೆ ಬೇರೆಯಾಗಿ 80 ರೂಪಾಯಿಗೆ ಸಿಗುತ್ತೆ. ದುಡ್ಡು ಕೊಡುವ ಮುಂಚೆ ಕೇಳಿದರೆ ಬೋರ್ಡಿನ ಜೊತೆಗೇ ಹಾಕಿಕೊಡುತ್ತಾರೆ.